ಬೀದಿಯ ರೇಡಿಯೋಗಳನ್ನೆಲ್ಲ ಅತ್ತೆ ಗಾಡಿ ಹತ್ತಿಸಿದ್ದು

ನಮ್ಮ ಅತ್ತೆಗೆ ಯಾರೂ ಮೋಸ ಮಾಡಲಾರರು ಎಂದು ಯಶವಂತಪುರದ ನಮ್ಮ ಬೀದಿಯಲ್ಲಿ ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಅತ್ತೆಯೇ ಅದನ್ನು ನಂಬಿದ್ದರು. ಹಾಲಿನವಳು ಬಂದರೆ ಹಾಲಿಗೆ ಬೆರಳದ್ದಿ ಉಗುರಿನ ಮೇಲೆ ತೊಟ್ಟು ನಿಲ್ಲುತ್ತದೋ ಜಾರುತ್ತದೋ ನೋಡುತ್ತಿದ್ದರು. ಸೌದೆಯವನು ಬಂದರೆ ಅವನ ತೂಕದ ಕಲ್ಲನ್ನು ತಾವೇ ಒಮ್ಮೆ ಎತ್ತಿ, "ಇದ್ಯಾಕೋ ಅಗುರ ಐತಲ್ಲ" ಎನ್ನುತ್ತಿದ್ದರು. ನಾನು ಚಿಕ್ಕಬಾಣಾವರದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮಪ್ಪ ನನ್ನನ್ನು ನೋಡಲೆಂದು ಬಂದರು. ಅತ್ತೆ ಬಾಗಿಲು ತೆಗೆಯದೆ, ಕಿಟಕಿಯ ಸರಳಿನ ಹಿಂದೆ ನಿಂತು, ಯಾರು, ಯಾವೂರು, ಯಾರ ಕಡೆಯವರು ಎಂದು ವಿಚಾರಿಸಿದರು. ಆಮೇಲೆ ನಾನು ಬೇಜಾರು ಮಾಡಿಕೊಂಡದ್ದಕ್ಕೆ, "ಮದುವೇಲಿ ಪೇಟ ಕಟ್ಟಿದ್ರು. ಈಗ ಬರೀ ತಲೇಲಿ ಬಂದವ್ರೆ. ಗುರುತು ಎಂಗೆ ಸಿಕ್ತದೆ?" ಎಂದರು. ಅಪ್ಪ ಅಂದಿನಿಂದ ನಮ್ಮ ಮನೆಗೆ ಬರುವಾಗಲೆಲ್ಲ ಪೇಟ ಕಟ್ಟಿಕೊಂಡೇ ಬರುತ್ತಿದ್ದರು.

ನಾನು ಹೇಳುತ್ತಿರುವುದು ಅರವತ್ತರ ದಶಕದ ನಡುವಿನ ಮಾತು. ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾಗಿತ್ತು. ಯಾರ ಮನೆಯಲ್ಲಿ ರೇಡಿಯೋ ಇದೆ ಎಂದು ಮಾತ್ರ ಯಾರನ್ನೂ ಕೇಳಬೇಕಾಗಿರಲಿಲ್ಲ. ಹೆಂಚಿನ ಮೇಲೆ ಬಿದಿರು ಕಂಬ ನಿಲ್ಲಿಸಿ ಏರಿಯಲ್ ತಂತಿ ಕಟ್ಟಿರುತ್ತಿದ್ದರು, ಬೀದಿಯ ತುದಿಯಿಂದಲೇ ಕಾಣುತ್ತಿತ್ತು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರು ತಂದ ರೇಡಿಯೋವನ್ನು ಅತ್ತೆ ನಡುಮನೆಯ ಗೂಡಿನಲ್ಲಿಟ್ಟು, ನಾನು ಕ್ರೋಷಾದಲ್ಲಿ ಹೆಣೆದ ಬಟ್ಟೆ ಹೊದಿಸಿ, ಬೆಳಿಗ್ಗೆ ದೇವರಿಗೆ ಹೂವಿಡುವಾಗ ಅದಕ್ಕೂ ಒಂದು ಹೂವಿಡುತ್ತಿದ್ದರು.

ಪಕ್ಕದ ಮನೆಯವರು ಮರದ ಮಂಡಿಯವರು. ಮನೆಯೊಳಗೆ ದಖ್ಖನಿ ಮಾತು, ಹೊರಗೆ ನಮ್ಮಂತೆಯೇ ಕನ್ನಡ. ಆ ಮನೆಯ ಹಿರಿಯಾಕೆಯನ್ನು ಅವರ ಮನೆಯ ಮಕ್ಕಳು ಕರೆಯುವಂತೆ ನಾನೂ ಖಾಲಾ ಎಂದೇ ಕರೆಯುತ್ತಿದ್ದೆ. ಅತ್ತೆಗೆ ಆಕೆ 'ಬೀಬಿ', ಆಕೆಗೆ ಅತ್ತೆ 'ಅಕ್ಕ'. ಎರಡೂ ಮನೆಯ ಹಿತ್ತಲಿನ ನಡುವೆ ಎದೆಯುದ್ದದ ಗೋಡೆ. ಮಧ್ಯಾಹ್ನದ ಹಾಡುಗಳ ಹೊತ್ತಿಗೆ ಇಬ್ಬರೂ ಆ ಗೋಡೆಗೆ ಒರಗಿ ನಿಂತರೆ, ಎರಡು ಮನೆಯ ರೇಡಿಯೋಗಳೂ ಒಂದೇ ಹಾಡನ್ನು ಹಾಡುತ್ತಿದ್ದವು. ಒಂದನ್ನು ಆರಿಸಬಹುದಲ್ಲ ಎಂದು ನಾನು ಹೇಳಿದರೆ, "ಅವರ್ದು ಗಂಟಲು ದಪ್ಪ, ನಮ್ದು ಸಣ್ಣ. ಎರಡೂ ಇದ್ರೇನೇ ಚೆಂದ" ಎನ್ನುತ್ತಿದ್ದರು ಅತ್ತೆ.

ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ನಿವೃತ್ತ ಶಿರಸ್ತೇದಾರರಿದ್ದರು. ಎಲ್ಲರಿಗಿಂತ ಎತ್ತರದ ಏರಿಯಲ್ ಕಂಬ ಅವರದು. ಆದರೆ ಆ ಮನೆಯಿಂದ ಯಾರೂ ಒಂದು ಹಾಡನ್ನೂ ಕೇಳಿರಲಿಲ್ಲ. ನಾನು ವಾರ್ತೆ ಮಾತ್ರ ಕೇಳುವುದು, ಅದೂ ಮೆಲ್ಲಗೆ, ಎಂದು ಅವರು ಹೇಳುತ್ತಿದ್ದರು.

ಒಂದು ಮಧ್ಯಾಹ್ನ, ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದಾಗ, ಒಬ್ಬ ಮನುಷ್ಯ ಸೈಕಲ್ಲನ್ನು ನಮ್ಮ ಜಗಲಿಗೆ ಒರಗಿಸಿ ಬಾಗಿಲು ತಟ್ಟಿದ. ಖಾಕಿ ಕೋಟು, ಕಿವಿಯ ಮೇಲೆ ಪೆನ್ಸಿಲ್ಲು, ಹೆಗಲಿಗೆ ಚರ್ಮದ ಚೀಲ. ಅತ್ತೆ ಎಂದಿನಂತೆ ಕಿಟಕಿಗೆ ಹೋದರು.

"ಯಾರಪ್ಪಾ ನೀನು?"

"ರೇಡಿಯೋ ಲೈಸೆನ್ಸ್ ನೋಡೋ ಇಲಾಖೆಯಿಂದ ಬಂದಿದೀನಿ, ಅಮ್ಮಾವ್ರೆ. ಬಾಗಿಲು ತೆಗೀಬೇಡಿ. ಅಲ್ಲಿಂದಲೇ ಕೇಳಿಸ್ಕೊಳಿ ಸಾಕು."

ಬಾಗಿಲು ತೆಗೆಯಬೇಡಿ ಎಂದು ಹೇಳಿದ ಮೊದಲ ಅಪರಿಚಿತ ಅವನೇ ಇರಬೇಕು. ಅತ್ತೆ ಆಗಲೇ ಅರ್ಧ ಬಾಗಿಲು ತೆಗೆದುಬಿಟ್ಟರು.

ಅವನು ಒಳಗೆ ಕಾಲಿಡಲಿಲ್ಲ. ಊರಲ್ಲಿ ಒಬ್ಬ ಕಳ್ಳ ಇನ್ಸ್‌ಪೆಕ್ಟರು ಓಡಾಡುತ್ತಿದ್ದಾನೆ, ಲೈಸೆನ್ಸ್ ನೋಡುವ ನೆಪದಲ್ಲಿ ಮನೆಗೆ ನುಗ್ಗಿ ರೇಡಿಯೋ ಹೊತ್ತುಕೊಂಡು ಹೋಗುತ್ತಾನೆ, ಎಚ್ಚರಿಕೆ ಹೇಳಿ ಬಾ ಎಂದು ಸಾಹೇಬರು ಕಳಿಸಿದ್ದಾರೆ ಎಂದ.

"ಆ ಕಳ್ಳ ನೀನೇ ಅಲ್ಲ ಅಂತ ಎಂಗೆ ನಂಬೋದು?" ಎಂದರು ಅತ್ತೆ.

ಅವನು ಅತ್ತೆಯ ಮುಖವನ್ನೇ ನೋಡಿದ. ಆಮೇಲೆ ಎರಡು ಕೈ ಜೋಡಿಸಿದ. "ಅಮ್ಮಾವ್ರೆ, ಮಲ್ಲೇಶ್ವರದಿಂದ ಇಲ್ಲೀತನಕ ಬಂದೆ. ಈ ಪ್ರಶ್ನೆ ಕೇಳಿದೋರು ನೀವೊಬ್ಬರೇ. ಓದಿದೋರ ಮನೆಗಳಲ್ಲೂ ಯಾರೂ ಕೇಳಲಿಲ್ಲ. ಎಲ್ಲರೂ ನಿಮ್ಮಂಗಿದ್ರೆ ನಮಗೆ ಈ ಬಿಸಿಲಲ್ಲಿ ತಿರುಗೋ ಗತಿ ಯಾಕೆ ಬರ್ತಿತ್ತು?"

ತಾನು ಯಾರೆಂಬುದಕ್ಕೆ ಅವನು ಉತ್ತರವನ್ನೇ ಕೊಡಲಿಲ್ಲ ಎಂದು ನನಗೆ ಹೊಳೆದದ್ದು ಬಹಳ ದಿನದ ಮೇಲೆ. ಅತ್ತೆ ಆಗ ನನ್ನತ್ತ ತಿರುಗಿ, "ಕಾಫಿ ಇಡು" ಎಂದರು.

ಅವನು ಜಗಲಿಯ ಮೇಲೆ ಕೂತು ಕಾಫಿ ಕುಡಿದ. ಅತ್ತೆ ಮಂಡಿ ಹಿಡಿದುಕೊಂಡು ಕೂತದ್ದನ್ನು ನೋಡಿ, ಮಂಡಿ ನೋವೇ, ಹರಳೆಣ್ಣೆ ಬಿಸಿಮಾಡಿ ಹಚ್ಚುತ್ತೀರಾ ಎಂದು ವಿಚಾರಿಸಿದ. ಇಷ್ಟು ವರ್ಷದಲ್ಲಿ ಮನೆಯ ನಾವು ಯಾರೂ ಅದನ್ನು ಅಷ್ಟು ಚೆನ್ನಾಗಿ ವಿಚಾರಿಸಿರಲಿಲ್ಲ. ಆಮೇಲೆ, ಈ ಬೀದಿಯಲ್ಲಿ ಹುಷಾರಿಲ್ಲದವರ ಮನೆ ಯಾವುದಾದರೂ ಇದ್ದರೆ ಅಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಿ ಹೋಗುತ್ತೇನೆ ಎಂದ. ಅತ್ತೆಗೆ ಇದಕ್ಕಿಂತ ಪ್ರಿಯವಾದ ವಿಷಯ ಇನ್ನೊಂದಿರಲಿಲ್ಲ. ಯಾರ ಗಂಡ ಯಾವ ಪಾಳಿಗೆ ಹೋಗುತ್ತಾನೆ, ಯಾರ ಮನೆಯಲ್ಲಿ ಹಗಲು ಬರೀ ಹೆಂಗಸರು, ಯಾರ ರೇಡಿಯೋ ಹೊಸದು, ಯಾರು ಹಿತ್ತಲ ಬಾಗಿಲಿಗೆ ಅಗಣಿ ಹಾಕುವುದಿಲ್ಲ, ಎಲ್ಲವನ್ನೂ ನಿಧಾನವಾಗಿ, ಒಂದೂ ಬಿಡದೆ ತಿಳಿಸಿದರು. ಪೆನ್ಸಿಲ್ಲು ಅವನ ಕಿವಿಯಿಂದ ಇಳಿಯಲೇ ಇಲ್ಲ. ಸುಮ್ಮನೆ ತಲೆಯಾಡಿಸುತ್ತ, "ಅಯ್ಯೋ ಪಾಪ, ಅಷ್ಟೂ ತಿಳಿಯಲ್ವಾ ಅವರಿಗೆ" ಎನ್ನುತ್ತಿದ್ದ.

ಅವನು ಹೋದ ಮೇಲೆ ಅತ್ತೆ ಮನೆಮನೆಗೂ ಹೋಗಿ ಕಳ್ಳ ಇನ್ಸ್‌ಪೆಕ್ಟರನ ವಿಷಯ ತಿಳಿಸಿ ಬಂದರು. ಯಾರೇ ಬಂದರೂ ನನ್ನನ್ನು ಕೇಳದೆ ರೇಡಿಯೋ ಮುಟ್ಟಗೊಡಬೇಡಿ ಎಂದು ತಾಕೀತು ಮಾಡಿದರು. ಬೀದಿಯವರೆಲ್ಲ ಒಪ್ಪಿದರು. ಇಂಥ ವಿಷಯಕ್ಕೆ ಅತ್ತೆಗಿಂತ ತಕ್ಕವರು ಯಾರಿದ್ದರು?

ಕೆಲವು ದಿನಗಳಾದ ಮೇಲೆ ಅವನು ಮತ್ತೆ ಬಂದ. ಈ ಸಲ ಜಟಕಾ ಗಾಡಿಯಲ್ಲಿ. ಹಳೆಯ ನೆಂಟನನ್ನು ಕಂಡಂತೆ ಅತ್ತೆ ಬಾಗಿಲನ್ನು ಪೂರ್ತಿ ತೆಗೆದರು. ಆ ಕಳ್ಳ ಇನ್ನೂ ಸಿಕ್ಕಿಲ್ಲ, ಈಗ ಬ್ಯಾಟರಾಯನಪುರದ ಕಡೆ ಇದ್ದಾನಂತೆ, ಅದಕ್ಕೇ ಒಂದೊಂದು ರೇಡಿಯೋದ ಒಳಗೂ ಗುಟ್ಟಾಗಿ ಸರ್ಕಾರದ ಮುದ್ರೆ ಒತ್ತಿಸಬೇಕೆಂದು ಆರ್ಡರಾಗಿದೆ, ಕದ್ದರೂ ಮಾರಲಾಗದಂತೆ, ಸಂಜೆಯ ವಾರ್ತೆಯ ಹೊತ್ತಿಗೆ ತಂದು ಕೊಡುತ್ತೇನೆ ಎಂದ.

"ರಸೀತಿ?" ಎಂದರು ಅತ್ತೆ. ಅವರು ಅಷ್ಟಕ್ಕೆಲ್ಲ ಬಿಡುವವರಲ್ಲ.

ಅವನು ಧ್ವನಿ ತಗ್ಗಿಸಿದ. "ಅದೇ ನೋಡಿ ಅಮ್ಮಾವ್ರೆ, ರಸೀತಿ ಕೊಡೋನೇ ಆ ಕಳ್ಳ. ಅವನ ಹತ್ರ ಸುಳ್ಳು ರಸೀತಿ ಪುಸ್ತಕ ಇದೆ. ಯಾರಾದ್ರೂ ರಸೀತಿ ಕೊಡಕ್ಕೆ ಬಂದ್ರೆ ತಕ್ಷಣ ಹಿಡ್ಕೊಳಿ ಅಂತ ನಮಗೆ ಹೇಳಿದಾರೆ."

ಅತ್ತೆ ನನ್ನ ಕಡೆ ನೋಡಿದರು. ಕಲಿತುಕೋ ಎನ್ನುವಂತಿತ್ತು ಆ ನೋಟ.

ಅವನು ರೇಡಿಯೋವನ್ನು ಕೈಯಿಂದ ಮುಟ್ಟಲೂ ಇಲ್ಲ. "ನಾನು ಮುಟ್ಟಲ್ಲ. ನಾಳೆ ಯಾರಾದ್ರೂ ಕಿತ್ಕೊಂಡು ಹೋದ ಅಂದಾರು. ನೀವೇ ತಂದು ಇಡಿ" ಎಂದ. ನಮ್ಮ ರೇಡಿಯೋವನ್ನು ನಾನೇ ಎತ್ತಿಕೊಂಡು ಹೋಗಿ ಗಾಡಿಯಲ್ಲಿಟ್ಟೆ. ಗಾಡಿ ಕುಲುಕಿದರೆ ಒಳಗಿನ ವಾಲ್ವುಗಳು ಒಡೆಯುತ್ತವೆ ಎಂದು ಅತ್ತೆ ತಮ್ಮ ದಿಂಬನ್ನೇ ತಂದು ಕೆಳಗೆ ಇಟ್ಟರು. ಅದನ್ನು ನೋಡಿ ಎದುರು ಮನೆಯವರು ಹಾಸಿಗೆ ಸುತ್ತಿಕೊಂಡು ಬಂದರು. ಅತ್ತೆ ಗಾಡಿಯ ಹಿಂದೆ ನಿಂತು, ಯಾವುದನ್ನು ಎಲ್ಲಿಡಬೇಕು, ಯಾವುದರ ಮೇಲೆ ಯಾವುದನ್ನು ಇಡಬಾರದು ಎಂದು ಹೇಳುತ್ತಿದ್ದರು. ಗಾಡಿಯವನು ಅವರೇ ಯಜಮಾನಿ ಎಂದುಕೊಂಡು ಬಾಡಿಗೆ ಮಾತು ಅವರ ಹತ್ತಿರವೇ ಎತ್ತಿದ.

ಖಾಲಾ ಮಾತ್ರ ಬಾಗಿಲಲ್ಲೇ ನಿಂತಿದ್ದರು. "ನಕ್ಕೋ, ಬೇಡ ಅಕ್ಕಾ. ಮಕ್ಕಳ ಅಬ್ಬಾ ಮಂಡಿಯಿಂದ ಬರ್ಲಿ. ಆಮೇಲೆ ನೋಡೋಣ."

"ಅವರು ಬರೋದು ಸಂಜೆ. ಅಷ್ಟೊತ್ತಿಗೆ ಗಾಡಿ ಓಗಿರ್ತದೆ. ನಾನಿಲ್ವಾ ಬೀಬಿ? ನಾನು ನೋಡಿದೀನಿ, ಒಳ್ಳೆ ಮನುಷ್ಯ."

ಖಾಲಾ ಒಂದು ಗಳಿಗೆ ಅತ್ತೆಯನ್ನೇ ನೋಡಿ ಒಳಗೆ ಹೋದರು. ಅವರ ರೇಡಿಯೋ ಭಾರ. ಅವರೂ ನಾನೂ ಸೇರಿ ಹೊತ್ತು ತಂದೆವು.

ಕೊನೆಯ ಮನೆಯ ಶಿರಸ್ತೇದಾರರು ಗಾಡಿಯನ್ನು ಕಂಡು ಕಿಟಕಿ ಮುಚ್ಚಿದ್ದರು. ಅವನು ಹೋಗಿ ಬಾಗಿಲು ತಟ್ಟಿದಾಗ, ನನ್ನದು ರಿಪೇರಿಗೆ ಹೋಗಿದೆ ಎಂದರು. "ಯಾವ ಅಂಗಡಿ ಹೇಳಿ ಸಾರ್, ಅಲ್ಲಿಂದಲೇ ತಗೊಂಡು ಮುದ್ರೆ ಹಾಕಿಸ್ತೀನಿ" ಎಂದ. ಶಿರಸ್ತೇದಾರರು ಬಹಳ ಹೊತ್ತು ಯೋಚಿಸಿ, ಅಂಗಡಿಯ ಹೆಸರು ಮರೆತಿದೆ ಎಂದರು. ಅವನು ಅವರಿಗೆ ನಮಸ್ಕಾರ ಮಾಡಿ ಬಂದ.

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನಾವೆಲ್ಲ ಜಗಲಿಯಲ್ಲಿ ನಿಂತು ನೋಡಿದೆವು. "ಮೆಲ್ಲಗೆ ಓಗಪ್ಪ" ಎಂದು ಅತ್ತೆ ಹಿಂದಿನಿಂದ ಕೂಗಿ ಹೇಳಿದರು.

ಸಂಜೆಯ ವಾರ್ತೆಯ ಹೊತ್ತು ಬಂತು, ಹೋಯಿತು. ಬೀದಿ ಅಷ್ಟು ಮೌನವಾಗಿದ್ದದ್ದು ನನಗೆ ನೆನಪಿಲ್ಲ. ಯಜಮಾನರು ಕಾರ್ಖಾನೆಯಿಂದ ಬಂದು ಗೂಡಿನಲ್ಲಿ ಕ್ರೋಷಾ ಬಟ್ಟೆ ಮಾತ್ರ ಇರುವುದನ್ನು ನೋಡಿದರು. ಅತ್ತೆ ಎಲ್ಲವನ್ನೂ ಹೇಳಿದರು. ಯಜಮಾನರು ಅಂಗಿಯ ಗುಂಡಿಗಳನ್ನು ಅರ್ಧ ಬಿಚ್ಚಿದ್ದವರು ಮತ್ತೆ ಹಾಕಿಕೊಂಡು, "ಅಮ್ಮ, ರಸೀತಿ ಕೊಡದೆ ಇರೋನು ಒಳ್ಳೆಯೋನು ಅಂತ ಯಾರು ಹೇಳಿದ್ದು?" ಎಂದು ಕೇಳಿದರು.

"ಅವನೇ ಹೇಳ್ದ" ಎಂದರು ಅತ್ತೆ. ಹಾಗೆ ಹೇಳಿದ ಮೇಲೆ ಮಣೆಯ ಮೇಲೆ ಕೂತವರು ಊಟಕ್ಕೂ ಏಳಲಿಲ್ಲ.

ಮರುದಿನ ಹೆಡ್ ಕಾನ್‌ಸ್ಟೇಬಲ್ ಬಂದರು. ಅವನು ಹೆದರಿಸಿದನೇ ಎಂದು ಕೇಳಿದರು, ಇಲ್ಲ ಎಂದೆವು. ಕಿತ್ತುಕೊಂಡನೇ, ಇಲ್ಲ. ಒಳಗೆ ಬಂದನೇ, ಅದೂ ಇಲ್ಲ. "ಹಾಗಾದ್ರೆ ಗಾಡಿಗೆ ಹಾಕಿದ್ದು ಯಾರು?" ಎಂದಾಗ ಎಲ್ಲರೂ ಅತ್ತೆಯ ಕಡೆ ನೋಡಿದರು. ಇದರ ನಡುವೆ ಶಿರಸ್ತೇದಾರರು ಮುಂದೆ ಬಂದು ತಮ್ಮ ರೇಡಿಯೋವೂ ಹೋಯಿತು ಎಂದು ದೂರು ಕೊಟ್ಟರು. ಹೇಗಿತ್ತು ಎಂದರೆ, "ಕಪ್ಪಗೆ ಇತ್ತು, ಮುಂದುಗಡೆ ಗುಂಡಿಗಳಿದ್ದವು" ಎಂದರು.

ಆ ಮಧ್ಯಾಹ್ನ ಅತ್ತೆ ಹಿತ್ತಲ ಗೋಡೆಯ ಹತ್ತಿರ ಹೋದರು. ಖಾಲಾ ಬಟ್ಟೆ ಒಣಗಿಸುತ್ತಿದ್ದರು.

"ಬೀಬಿ, ಅವನು ಇಂಥೋನು ಅಂತ ನನಗೇನು ಗೊತ್ತಿತ್ತು?"

ಖಾಲಾ ತಿರುಗದೆಯೇ ಹೇಳಿದರು: "ನಾನು ಅವನಿಗೆ ಕೊಡಲಿಲ್ಲ ಅಕ್ಕಾ. ನಿಮಗೆ ಕೊಟ್ಟೆ."

ಅಲ್ಲಿಂದ ಆ ಗೋಡೆಯ ಬಳಿ ಯಾರೂ ನಿಲ್ಲಲಿಲ್ಲ. ಬೀದಿಯೂ ಬದಲಾಯಿತು. ಮಲಗುವಾಗ ಮಾತ್ರ ಮುಚ್ಚುತ್ತಿದ್ದ ಬಾಗಿಲುಗಳು ಹಗಲಲ್ಲೂ ಮುಚ್ಚಿದವು. ಹಂಡೆಗೆ ಕಲಾಯಿ ಹಾಕುವವನನ್ನು ಯಾರೂ ಒಳಗೆ ಕರೆಯಲಿಲ್ಲ. ಸಿಡುಬು ಬಾರದಂತೆ ದೇವಿ ಹಾಕಲು ಬಂದ ನರ್ಸಮ್ಮ ಮನೆಮನೆಯ ಕಿಟಕಿಗೂ ತನ್ನ ಗಂಡನ ಹೆಸರು, ಊರು ಹೇಳಿ, ಕೊನೆಗೆ ಮಕ್ಕಳ ತೋಳನ್ನು ಸರಳಿನ ಆಚೆಗೆ ಚಾಚಿಸಿಕೊಂಡು ಚುಚ್ಚಿ ಹೋದಳು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅತ್ತೆಗೂ ಅವನಿಗೂ ಮೊದಲೇ ಮಾತಾಗಿತ್ತು, ಅವರಿಗೂ ಪಾಲು ಬಂದಿದೆ ಎಂದು ಯಾರೋ ಹಬ್ಬಿಸಿದರು. ನಲ್ಲಿಯ ಹತ್ತಿರ ಅದು ನನ್ನ ಕಿವಿಗೂ ಬಿತ್ತು. ಅತ್ತೆಯ ಕಿವಿಗೂ ಬಿದ್ದಿರಬೇಕು. ಹಾಲಿಗೆ ಬೆರಳದ್ದುವುದನ್ನು ಅವರು ಬಿಟ್ಟುಬಿಟ್ಟರು. ಹಾಲಿನವಳೇ ಗಾಬರಿಯಾಗಿ, ಅಮ್ಮನಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ನನ್ನನ್ನು ಕೇಳಿದಳು.

ಹೀಗಿರುವಾಗ ನಿಜವಾದ ಇನ್ಸ್‌ಪೆಕ್ಟರು ಬಂದರು.

ಕನ್ನಡಕದ ಸಣಕಲು ಮನುಷ್ಯ. ಬಂದವರೇ, ರೇಡಿಯೋ ಲೈಸೆನ್ಸ್ ತೋರಿಸಿ ಎಂದರು. ಮಂಡಿ ನೋವಿನ ವಿಷಯ ಕೇಳಲಿಲ್ಲ, ನಮಸ್ಕಾರವನ್ನೂ ಮಾಡಲಿಲ್ಲ. ಅತ್ತೆಯ ಮುಖದಲ್ಲಿ ಬಹಳ ದಿನದ ಮೇಲೆ ಕಳೆ ಬಂತು. "ಬನ್ನಿ ಸ್ವಾಮಿ, ಒಳಗೆ ಕೂತ್ಕೊಳಿ, ಕಾಫಿ ತರ್ತೀನಿ" ಎಂದು ಅವರನ್ನು ಮುಂದಿನ ಕೋಣೆಯಲ್ಲಿ ಕೂಡಿಸಿ ಹೊರಗಿನಿಂದ ಚಿಲಕ ಹಾಕಿದರು. ಆಮೇಲೆ ಮಂಡಿ ನೋವನ್ನು ಮರೆತು ಹಿತ್ತಲಿಗೆ ಓಡಿ ಗೋಡೆಯ ಮೇಲಿಂದ, "ಬೀಬಿ, ಸಿಕ್ಕಿಬಿದ್ದ. ಬಾ ಬೇಗ" ಎಂದರು.

ಖಾಲಾ ಬಟ್ಟೆ ಬಡಿಯುವ ಕೋಲು ಹಿಡಿದು ಬಂದರು. ಕಿಟಕಿಯಿಂದ ಇಣುಕಿ ನೋಡಿ, "ಇವನು ಅವನಲ್ಲ ಅಕ್ಕಾ" ಎಂದರು.

"ಅವನಲ್ಲ, ನಂಗೂ ಗೊತ್ತು. ಅವನ ಕಡೆಯೋನು. ಅವನೇ ಬಂದ್ರೆ ನಾವು ಹಿಡ್ಕೊಂಡು ಬಿಡ್ತೀವಿ ಅಂತ ಇವನನ್ನ ಕಳಿಸವ್ನೆ."

ಇಬ್ಬರೂ ಜಗಲಿಯ ಮೇಲೆ ಕಾವಲು ಕೂತರು. ನನ್ನನ್ನು ಪೊಲೀಸರನ್ನು ಕರೆತರಲು ಅಟ್ಟಿದರು. ಹೆಡ್ ಕಾನ್‌ಸ್ಟೇಬಲ್ಲರ ಜೊತೆ ನಾನು ಹಿಂದಿರುಗುವ ಹೊತ್ತಿಗೆ ಬೀದಿಯೆಲ್ಲ ಅಲ್ಲಿ ಸೇರಿತ್ತು. ಒಳಗಿನಿಂದ ಇನ್ಸ್‌ಪೆಕ್ಟರು ತಮ್ಮ ಗುರುತಿನ ಚೀಟಿಯನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದಿದ್ದರು. "ಇದು ನೋಡ್ರಮ್ಮ, ನನ್ನ ಫೋಟೋ, ಸರ್ಕಾರದ ಸೀಲು."

"ಸೀಲು ಅಂತ ಅಂದಿದ್ದಕ್ಕೇ ನಮ್ಮ ರೇಡಿಯೋ ಓಗಿದ್ದು" ಎಂದರು ಅತ್ತೆ.

ಹಾಗೆಂದು ಕಾಫಿ ಕೊಡುವುದನ್ನು ಅವರು ತಪ್ಪಿಸಿರಲಿಲ್ಲ. ಲೋಟ ಸರಳಿನ ನಡುವೆ ತೂರದ ಕಾರಣ, ಪುಟ್ಟ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಕೊಡುತ್ತಿದ್ದರು. ಆ ಮನುಷ್ಯ ಒಂದು ಕೈಯಲ್ಲಿ ಗುರುತಿನ ಚೀಟಿ, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದುಕೊಂಡೇ ಕುಡಿಯುತ್ತಿದ್ದರು.

ಹೆಡ್ ಕಾನ್‌ಸ್ಟೇಬಲ್ ಬಂದವರೇ ಅವರನ್ನು ಗುರುತಿಸಿ ಸೆಲ್ಯೂಟ್ ಹೊಡೆದರು. ಚಿಲಕ ತೆಗೆಸಿದರು. ಇನ್ಸ್‌ಪೆಕ್ಟರು ಹೊರಗೆ ಬಂದು ಕನ್ನಡಕ ಒರೆಸಿಕೊಂಡರು. ಬೈಯುತ್ತಾರೆ ಎಂದು ನಾವು ಕಾದೆವು. ಅವರು, "ಲೈಸೆನ್ಸ್ ಇದೆಯಾ?" ಎಂದು ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿದರು. ನಾನು ತಂದು ತೋರಿಸಿದೆ. "ಸರಿಯಾಗಿದೆ. ರೇಡಿಯೋ ಎಲ್ಲಿ?" ಅತ್ತೆ ಖಾಲಿ ಗೂಡನ್ನು ತೋರಿಸಿದರು. ಬೀದಿಯ ಬೇರೆ ಮನೆಗಳಲ್ಲೂ ಹಾಗೆಯೇ ಆಯಿತು. ಲೈಸೆನ್ಸ್ ಇತ್ತು, ಏರಿಯಲ್ ಇತ್ತು, ರೇಡಿಯೋ ಇರಲಿಲ್ಲ. ಕೊನೆಯ ಮನೆಯಲ್ಲಿ ಏರಿಯಲ್ ಒಂದೇ ಇತ್ತು. ತಮ್ಮ ಕೆಲಸದಲ್ಲಿ ಇಂಥ ಬೀದಿಯನ್ನು ಕಂಡಿಲ್ಲ ಎಂದು ಹೇಳಿ ಅವರು ಹೊರಟುಹೋದರು.

ಸುಳ್ಳು ಮನುಷ್ಯನನ್ನು ದಿಂಬು ಕೊಟ್ಟು ಕಳಿಸಿದವರು, ನಿಜವಾದವನನ್ನು ಕೂಡಿಹಾಕಿದ್ದೆವು. ನನಗೆ ನಾಚಿಕೆಯಾಗಿತ್ತು. ಆದರೆ ಜಗಲಿಯ ಮೇಲೆ ಖಾಲಾ ಸೆರಗನ್ನು ಬಾಯಿಗೆ ಒತ್ತಿ ನಗುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ಗಂಭೀರವಾಗಿದ್ದು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. "ಬಟ್ಟಲಲ್ಲಿ ಕುಡಿದ ನೋಡು, ಪಾಪ" ಎಂದು ಹೇಳಿ ಹೇಳಿ ನಕ್ಕರು. ಮರುದಿನ ಇಬ್ಬರೂ ಮತ್ತೆ ಗೋಡೆಗೆ ಒರಗಿ ನಿಂತಿದ್ದರು. ಹಾಡು ಇರಲಿಲ್ಲ, ಆದರೆ ಮಾತಿತ್ತು.

ಆ ಮನುಷ್ಯ ಕೊನೆಗೆ ಹೆಬ್ಬಾಳದ ಕಡೆ ಸಿಕ್ಕಿಬಿದ್ದ. ಗುರುತು ಹಿಡಿಯಲು ಬರಬೇಕೆಂದು ನಮಗೆ ಹೇಳಿಕಳಿಸಿದರು. ಅತ್ತೆ, ಖಾಲಾ, ನಾನು ಜಟಕಾ ಮಾಡಿಕೊಂಡು ಹೋದೆವು. ಅವನಿಗೆ ಏನೇನು ಹೇಳಬೇಕೆಂದು ಅತ್ತೆ ದಾರಿಯುದ್ದಕ್ಕೂ ಗಟ್ಟಿಮಾಡಿಕೊಳ್ಳುತ್ತಿದ್ದರು. ಅವುಗಳಲ್ಲಿ ಕೆಲವನ್ನು ನಾನು ಇಲ್ಲಿ ಬರೆಯಲಾರೆ.

ಅವನು ಕಂಬಿಯ ಹಿಂದೆ ಕೂತಿದ್ದ. ಕೋಟಿರಲಿಲ್ಲ. ನಮ್ಮನ್ನು ಕಂಡೊಡನೆ ಎದ್ದು ನಿಂತ. "ಅಮ್ಮಾವ್ರೆ, ಮಂಡಿ ನೋವು ಹೇಗಿದೆ?"

"ಪರವಾಗಿಲ್ಲಪ್ಪ" ಎಂದುಬಿಟ್ಟರು ಅತ್ತೆ.

ಅವನು ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ಲಿಗೆ, "ಅಮ್ಮಾವ್ರಿಗೆ ನಿಲ್ಲಕ್ಕಾಗಲ್ಲ, ಒಂದು ಕುರ್ಚಿ ಹಾಕಪ್ಪ" ಎಂದ. ಕಾನ್‌ಸ್ಟೇಬಲ್ ಹೋಗಿ ಕುರ್ಚಿ ತಂದ. ತಂದು ಇಟ್ಟ ಮೇಲೆ, ತನಗೆ ಹೇಳಿದ್ದು ಯಾರು ಎಂದು ನೆನಪಾಗಿ ಸುತ್ತಮುತ್ತ ನೋಡಿದ. ಅತ್ತೆ ಅಷ್ಟರಲ್ಲಿ ಕೂತಾಗಿತ್ತು.

"ನಮ್ಮ ಬೀದಿ ವಿಷ್ಯ ಎಲ್ಲ ನಿನಗೆ ಯಾರು ತಿಳಿಸಿದ್ದು?" ಎಂದು ಕೇಳಿದರು.

ಅವನು ಖಾಲಾನ ಕಡೆ ನೋಡಿ ತಲೆ ತಗ್ಗಿಸಿದ. "ಹೋಗ್ಲಿ ಬಿಡಿ ಅಮ್ಮಾ. ಈಗ್ಯಾಕೆ?"

"ಇಲ್ಲ, ಬಾಯಿ ಬಿಡು."

"ನೀವೇ ಹೇಳಿದ್ದು" ಎಂದ ಮೆಲ್ಲಗೆ. "ಬರೋವಾಗ ನನಗೆ ಗೊತ್ತಿದ್ದದ್ದು ಕಂಬ ಇರೋ ಮನೆಗಳು ಮಾತ್ರ."

"ಮತ್ತೆ ಮೊದಲು ನಮ್ಮನೆಗೇ ಯಾಕೆ ಬಂದೆ?"

"ಹಾಲಿನವಳನ್ನ ಕೇಳಿದ್ದೆ. ಈ ಬೀದೀಲಿ ಯಾರಿಗೂ ಬಗ್ಗದೆ ಇರೋರು ಯಾರು ಅಂತ. ನಿಮ್ಮ ಮನೆ ತೋರಿಸಿದಳು. ಅವರೊಬ್ಬರು ನಂಬಿದ್ರೆ ಮಿಕ್ಕೋರಿಗೆ ನಾನು ಏನೂ ಹೇಳೋದೇ ಬೇಕಾಗಲ್ಲ, ಅಮ್ಮಾವ್ರೆ. ಎಲ್ಲ ಊರಲ್ಲೂ ಹಂಗೇ."

ಅತ್ತೆ ದಾರಿಯಲ್ಲಿ ಗಟ್ಟಿಮಾಡಿಕೊಂಡಿದ್ದ ಒಂದು ಮಾತೂ ಹೊರಗೆ ಬರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ಖಾಲಾ ಅವರ ಹೆಗಲ ಮೇಲೆ ಕೈಯಿಟ್ಟರು.

ಅಲ್ಲಿನ ಪೊಲೀಸರು ಶಿರಸ್ತೇದಾರರ ರೇಡಿಯೋ ಬಗ್ಗೆಯೂ ಅವನನ್ನು ಕೇಳಿದರು. ಅವನು ಬೇಜಾರಿನಿಂದ, ಆ ಮನೆಯಲ್ಲಿ ರೇಡಿಯೋ ಇರಲೇ ಇಲ್ಲ, ನಾನ್ಯಾಕೆ ಸುಳ್ಳು ಹೇಳಲಿ ಎಂದ. ಅವರು ಕೂಡಲೇ ಅವನ ಮಾತನ್ನು ನಂಬಿದರು.

ರೇಡಿಯೋಗಳಲ್ಲಿ ಹೆಚ್ಚಿನವು ಆಗಲೇ ಯಾರ್ಯಾರದೋ ಮನೆ ಸೇರಿದ್ದವು. ಖಾಲಾನದು ಭಾರವೆಂದು ಯಾರೂ ಕೊಂಡಿರಲಿಲ್ಲ, ಅದು ಸಿಕ್ಕಿತು. ನಮ್ಮದು ಸಿಗಲಿಲ್ಲ. ನಮಗೆ ನಮ್ಮ ದಿಂಬನ್ನು ಕೊಟ್ಟರು. ಯಜಮಾನರು ಮತ್ತೊಂದು ರೇಡಿಯೋ ತರುವುದಕ್ಕೆ ಬಹಳ ಕಾಲ ಹಿಡಿಯಿತು.

ವಾಪಸು ಬರುವಾಗ ಖಾಲಾ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ಅತ್ತೆ ದಿಂಬನ್ನು. ಅರ್ಧ ದಾರಿಗೆ ಬಂದಾಗ ಅತ್ತೆ, "ಬಡವಾಗವ್ನೆ" ಎಂದರು.

"ಯಾರು ಅಕ್ಕಾ?"

"ಅವನೇ. ಅಲ್ಲಿ ಊಟ ಗೀಟ ಸರಿಯಾಗಿ ಆಕ್ತಾರೋ ಇಲ್ವೋ."

ಖಾಲಾ ರೇಡಿಯೋವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಅವನಿಗೆ ಡಬ್ಬಿಯಲ್ಲಿ ಊಟ ಕಳಿಸುವ ಯೋಚನೆ ಏನಾದರೂ ಇದ್ದರೆ ಈಗಲೇ ಹೇಳಿ, ನಾನು ಇಲ್ಲೇ ಇಳಿದು ನಡೆದು ಹೋಗುತ್ತೇನೆ ಎಂದರು. ಅತ್ತೆ, ಅಂಥದ್ದೇನೂ ಇಲ್ಲ, ಸುಮ್ಮನೆ ಅಂದೆ ಎಂದರು. ಯಶವಂತಪುರ ಬರುವವರೆಗೂ ಇಬ್ಬರೂ ಅದನ್ನೇ ಚರ್ಚೆ ಮಾಡಿದರು.